ಪಿಕಪ್ ಗಾಡಿಯ ಬ್ರೇಕ್ ಲೈಟ್ ಸ್ವಿಚ್: ಪರೀಕ್ಷೆ, ಬದಲಾವಣೆ, ಸೆಟ್ಟಿಂಗ್

ಬ್ರೇಕ್ ಲೈಟ್ ಹತ್ತುತ್ತಿಲ್ಲ ಎಂದ ಕೂಡಲೇ ಅಂಗಡಿಗೆ ಓಡಿ ಸ್ವಿಚ್ ತಂದು ಹಾಕುವವರೇ ಜಾಸ್ತಿ. ಅಗ್ಗದ ಸಾಮಾನು, ಒಂದು ನಟ್ ಸಡಿಲಿಸಿದರೆ ಕೈಗೆ ಬರುತ್ತದೆ, ಹಾಗಾಗಿ ಮೊದಲ ಅನುಮಾನ ಅದರ ಮೇಲೇ. ಹೊಸದು ಹಾಕಿದ ಮೇಲೂ ಲೈಟ್ ಬರದಿದ್ದಾಗ ‘ಲೋಕಲ್ ಮಾಲು’ ಎಂದು ಅಂಗಡಿಯವನಿಗೆ ಬೈಗುಳ. ಬೊಲೆರೊ ಪಿಕಪ್, ದೋಸ್ತ್, ಏಸ್ ಥರದ ಗಾಡಿಗಳಲ್ಲಿ ಬಲ್ಬ್, ಫ್ಯೂಸ್, ಅರ್ಥ್ (ಕರೆಂಟ್ ಗಾಡಿಯ ಲೋಹದ ಚಾಸಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಈ ಮೂರನ್ನೂ ನೋಡದೆ ಸ್ವಿಚ್ ಮುಟ್ಟಬಾರದು. ಮುಟ್ಟಿದ ಮೇಲೆ ಅದನ್ನು ಸರಿಯಾದ ಅಳತೆಗೆ ಕೂರಿಸಲೇಬೇಕು. ಆ ಅಳತೆ ತಪ್ಪಿದರೆ ಕೆಡುವುದು ಲೈಟಲ್ಲ, ಬ್ರೇಕ್.

ಸ್ವಿಚ್ ಇರುವುದು ಬ್ರೇಕ್ ಪೆಡಲಿನ ಮೇಲ್ತುದಿಯಲ್ಲಿ, ಪೆಡಲ್ ತೂಗುಹಾಕಿರುವ ಬ್ರಾಕೆಟ್ಟಿಗೆ. ಡ್ರೈವರ್ ಸೀಟನ್ನು ಹಿಂದೆ ತಳ್ಳಿ, ನೆಲದಲ್ಲಿ ಕೂತು ತಲೆ ಒಳಗೆ ಹಾಕಿದರೆ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಕ್ಲಚ್ ಪೆಡಲಿಗೂ ನೋಡಲು ಹೀಗೇ ಇರುವ ಸ್ವಿಚ್ ಇರುತ್ತದೆ, ತಪ್ಪಿ ಅದನ್ನು ಬಿಚ್ಚಬೇಡಿ. ಬ್ರೇಕ್ ಸ್ವಿಚ್ಚಿನ ತುದಿಯಲ್ಲಿ ಒಂದು ಪ್ಲಂಜರ್, ಅಂದರೆ ಒತ್ತಿದರೆ ಒಳಗೆ ಹೋಗುವ ಪುಟ್ಟ ಕಡ್ಡಿ. ಕಾಲು ತೆಗೆದಿರುವಾಗ ಪೆಡಲ್ ಈ ಪ್ಲಂಜರನ್ನು ಒಳಗೆ ಒತ್ತಿ ಹಿಡಿದಿರುತ್ತದೆ, ಆಗ ಲೈಟ್ ಆಫ್. ಕಾಲಿಟ್ಟರೆ ಪೆಡಲ್ ದೂರ ಸರಿಯುತ್ತದೆ, ಸ್ಪ್ರಿಂಗ್ ಪ್ಲಂಜರನ್ನು ಹೊರಗೆ ತಳ್ಳುತ್ತದೆ, ಕಾಂಟ್ಯಾಕ್ಟ್ ಸೇರಿ ಲೈಟ್ ಹತ್ತುತ್ತದೆ. ಮನೆಯ ಕಾಲಿಂಗ್ ಬೆಲ್ಲಿಗೆ ಪೂರ್ತಿ ಉಲ್ಟಾ. ಈ ಉಲ್ಟಾ ಲೆಕ್ಕ ತಲೆಯಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಯಾವ ಲಕ್ಷಣಕ್ಕೆ ಎಲ್ಲಿ ಕೈ ಹಾಕಬೇಕು

ಒಂದೇ ಬದಿಯ ಲೈಟ್ ಹೋಗಿದ್ದರೆ ಸ್ವಿಚ್ಚಿನ ಮಾತೇ ಬೇಡ. ಎರಡೂ ಬದಿಗೆ ಕರೆಂಟ್ ಹೋಗುವುದು ಒಂದೇ ಸ್ವಿಚ್ಚಿನಿಂದ. ಬಲ್ಬ್ ತೆಗೆದು ನೋಡಿ. ಹಿಂದಿನ ಲೈಟಿಗೂ ಬ್ರೇಕಿಗೂ ಒಂದೇ ಬಲ್ಬ್ ಇರುವ ಗಾಡಿಗಳಲ್ಲಿ ಅದು 12 ವೋಲ್ಟಿನ 21/5 ವ್ಯಾಟ್ ಡಬಲ್ ಕಾಂಟ್ಯಾಕ್ಟ್ ಬಲ್ಬ್. 21 ವ್ಯಾಟ್ ಬ್ರೇಕಿಗೆ, 5 ವ್ಯಾಟ್ ಪಾರ್ಕಿಂಗಿಗೆ. ಬಲ್ಬಿನ ಕುತ್ತಿಗೆಯ ಎರಡು ಗುಬ್ಬಿಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ, ಉಲ್ಟಾ ಕೂರದಿರಲಿ ಎಂದೇ ಹಾಗೆ ಮಾಡಿರುತ್ತಾರೆ. ಹೋಲ್ಡರ್ ಸವೆದಿದ್ದರೆ ಒತ್ತಾಯಕ್ಕೆ ಉಲ್ಟಾ ಕೂರುತ್ತದೆ. ಆಗ ಪಾರ್ಕಿಂಗ್ ಹಾಕಿದರೆ ಬ್ರೇಕಿನಷ್ಟು ಬೆಳಕು, ಬ್ರೇಕ್ ಒತ್ತಿದರೆ ಮಂಕು. ಲಾರಿ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವಾಗ ಬಲ್ಬಿನ ಮೇಲಿನ ಅಕ್ಷರ ಓದಿ. 24 ವೋಲ್ಟಿನ ಬಲ್ಬ್ ಇದೇ ಹೋಲ್ಡರಿಗೆ ಕೂರುತ್ತದೆ, ಆದರೆ 12 ವೋಲ್ಟಿನ ಗಾಡಿಯಲ್ಲಿ ಕೆಂಡದ ಹಾಗೆ ಮಿನುಗುತ್ತದೆ ಅಷ್ಟೆ.

ಎರಡೂ ಬದಿ ಹೋಗಿದ್ದರೆ ಫ್ಯೂಸ್ ನೋಡಿ, ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು. ಫ್ಯೂಸ್ ಬಾಕ್ಸಿನ ಮುಚ್ಚಳದಲ್ಲಿ ಯಾವುದೆಂದು ಬರೆದಿರುತ್ತದೆ. ಬರಿಗಣ್ಣಲ್ಲಿ ನೋಡಿ ‘ಸರಿಯಿದೆ’ ಎನ್ನಬೇಡಿ. ಕೀ ಆನ್ ಮಾಡಿ, ಫ್ಯೂಸಿನ ಬೆನ್ನಲ್ಲಿ ಕಾಣುವ ಎರಡೂ ಲೋಹದ ಚುಕ್ಕೆಗೆ ಟೆಸ್ಟ್ ಲ್ಯಾಂಪ್ (ಒಂದು ವೈರ್ ಚಾಸಿಗೆ ಕಚ್ಚಿಸಿ, ಮೊನೆಯಿಂದ ಕರೆಂಟ್ ಇದೆಯೇ ಎಂದು ನೋಡುವ ಪುಟ್ಟ ದೀಪ) ಮುಟ್ಟಿಸಿ. ಎರಡರಲ್ಲೂ ಲ್ಯಾಂಪ್ ಹತ್ತಬೇಕು. ಒಂದರಲ್ಲಿ ಮಾತ್ರ ಹತ್ತಿದರೆ ಫ್ಯೂಸ್ ಹೋಗಿದೆ. ಹೊಸದೂ ಸುಟ್ಟರೆ ವೈರ್ ಎಲ್ಲೋ ಚಾಸಿಗೆ ತಾಗುತ್ತಿದೆ ಎಂದರ್ಥ. ಕ್ಯಾಬಿನ್ನಿನಿಂದ ಚಾಸಿಗೆ ವೈರಿಂಗ್ ಇಳಿಯುವ ಜಾಗ, ಹಿಂದಿನ ಆಕ್ಸಲ್ ಮೇಲಿನ ಕ್ಲಿಪ್ಪು, ಟೈರಿನ ಕೆಸರು ನೇರ ಹೊಡೆಯುವ ಟೈಲ್ ಲ್ಯಾಂಪ್ ಕಪ್ಲರ್ (ವೈರ್ ಜೋಡಿಸುವ ಪ್ಲಗ್), ಇಷ್ಟನ್ನು ಮೊದಲು ತಡಕಿ. ದಪ್ಪ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಬೇಡ. ಫ್ಯೂಸ್ ಸುಡದಿದ್ದರೆ ವೈರಿಂಗೇ ಸುಡುತ್ತದೆ.

ಬ್ರೇಕ್ ಒತ್ತಿದಾಗ ಪಾರ್ಕಿಂಗ್ ಲೈಟ್ ಮಂಕಾದರೆ, ಇಂಡಿಕೇಟರ್ ಸಣ್ಣಗೆ ಮಿನುಗಿದರೆ, ಅದು ಅರ್ಥ್ ತೊಂದರೆ. ವಾಪಸ್ ಹೋಗಲು ದಾರಿ ಸಿಗದ ಕರೆಂಟ್ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತಿರುತ್ತದೆ. ಒಂದು ವೈರಿನ ತುದಿಯನ್ನು ಹೋಲ್ಡರಿನ ಅರ್ಥ್ ಟರ್ಮಿನಲ್ಲಿಗೂ ಇನ್ನೊಂದನ್ನು ಚಾಸಿಯ ಮೇಲೆ ಬಣ್ಣ ಕೆರೆದ ಬೋಲ್ಟಿಗೂ ಮುಟ್ಟಿಸಿ. ಲೈಟ್ ಸರಿಹೋದರೆ ಮುಗಿಯಿತು, ಹಳೆಯ ಅರ್ಥ್ ಬೋಲ್ಟ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಮಲ್ಪೆ, ಮಂಗಳೂರು ಕಡೆ ಮೀನು ಹೊರುವ ಗಾಡಿಗಳಲ್ಲಿ ಐಸ್ ಕರಗಿದ ಉಪ್ಪುನೀರು ಲೋಡ್ ಬಾಡಿಯಿಂದ ಸೋರಿ ಇದೇ ಜಾಗಕ್ಕೆ ಇಳಿಯುತ್ತದೆ. ಅಲ್ಲಿ ಕಪ್ಲರಿನೊಳಗಿನ ಹಿತ್ತಾಳೆ ಹಸಿರುಗಟ್ಟಿದ್ದರೆ ಎಷ್ಟು ಉಜ್ಜಿದರೂ ಮತ್ತೆ ಹಾಗೇ ಆಗುತ್ತದೆ, ಹೊಸ ಕಪ್ಲರ್ ಹಾಕುವುದೇ ಲೇಸು.

ಲೈಟ್ ಆರುವುದೇ ಇಲ್ಲ ಎಂದರೆ

ಇದಕ್ಕೂ ಸ್ವಿಚ್ಚೇ ಬೈಗುಳ ತಿನ್ನುತ್ತದೆ, ಅನೇಕ ಸಲ ಅದರ ತಪ್ಪಿರುವುದಿಲ್ಲ. ಪ್ಲಂಜರನ್ನು ನೇರವಾಗಿ ಒತ್ತುವುದು ಪೆಡಲಿನ ಲೋಹವಲ್ಲ. ಪೆಡಲಿನ ತೋಳಿನಲ್ಲಿ ಒಂದು ತೂತು, ಅದಕ್ಕೆ ರಬ್ಬರ್ ಅಥವಾ ಪ್ಲಾಸ್ಟಿಕ್ಕಿನ ಪುಟ್ಟ ಸ್ಟಾಪರ್ ಸಿಕ್ಕಿಸಿರುವ ಗಾಡಿಗಳು ಬಹಳ. ವರ್ಷಗಟ್ಟಲೆ ಬಿಸಿಗೆ ಅದು ಒಣಗಿ ಪುಡಿಯಾಗಿ ಉದುರುತ್ತದೆ. ಪ್ಲಂಜರ್ ಆ ತೂತಿನೊಳಗೆ ನುಗ್ಗಿ ಹೊರಗೇ ಉಳಿಯುತ್ತದೆ, ಲೈಟ್ ಹತ್ತಿಕೊಂಡೇ ಇರುತ್ತದೆ. ಕಾಲಡಿಯ ಮ್ಯಾಟ್ ಮೇಲೆ ಬಿಳಿಯೋ ನೀಲಿಯೋ ಪ್ಲಾಸ್ಟಿಕ್ ಚೂರು ಬಿದ್ದಿದ್ದರೆ ಉತ್ತರ ಸಿಕ್ಕಿತು. ಹೊಸ ಸ್ಟಾಪರ್ ಒತ್ತಿ ಕೂರಿಸಿದರೆ ಕೆಲಸ ಮುಗಿಯಿತು. ದಾರಿಯಲ್ಲಿ ಸಿಕ್ಕಿಬಿದ್ದಾಗ ಆ ತೂತಿಗೆ ಒಂದು ಸಣ್ಣ ಬೋಲ್ಟ್ ತೂರಿಸಿ, ನುಣುಪಾದ ತಲೆ ಪ್ಲಂಜರ್ ಕಡೆ ಬರುವಂತೆ ಇಟ್ಟು, ಹಿಂದೆ ವಾಷರ್ ಹಾಕಿ ನಟ್ ಬಿಗಿದರೆ ಊರು ಸೇರಬಹುದು. ಬೋಲ್ಟಿನ ತಲೆ ಸ್ಟಾಪರಿಗಿಂತ ದಪ್ಪವಿರಬಾರದು. ಕಾರಣ ಮುಂದೆ ಬರುತ್ತದೆ.

ಸ್ಟಾಪರ್ ಸರಿಯಿದ್ದರೆ ಕಾಲಿನ ಬೆರಳಿಂದ ಪೆಡಲನ್ನು ಮೇಲಕ್ಕೆ ಎತ್ತಿ ನೋಡಿ. ಲೈಟ್ ಆರಿದರೆ ಸ್ವಿಚ್ ಸಡಿಲವಾಗಿ ಹಿಂದೆ ಸರಿದಿದೆ, ಇಲ್ಲವೇ ಪೆಡಲಿನ ರಿಟರ್ನ್ ಸ್ಪ್ರಿಂಗ್ ಸೋತಿದೆ. ಆರದಿದ್ದರೆ ಸ್ವಿಚ್ಚಿನ ಕಪ್ಲರ್ ಕಿತ್ತುಬಿಡಿ. ಈಗ ಆರಿತೋ, ಸ್ವಿಚ್ಚಿನೊಳಗೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಈಗಲೂ ಉರಿಯುತ್ತಿದ್ದರೆ ಬೇರೆ ಕಡೆಯಿಂದ ಕರೆಂಟ್ ಬರುತ್ತಿದೆ. ಪಾರ್ಕಿಂಗ್ ಹಾಕಿದಾಗ ಮಾತ್ರ ಹೀಗಾದರೆ ಬಲ್ಬಿನೊಳಗೆ 21 ವ್ಯಾಟಿನ ಫಿಲಮೆಂಟ್ ಕಡಿದು 5 ವ್ಯಾಟಿನದರ ಮೇಲೆ ಬಿದ್ದಿರುತ್ತದೆ.

ಕೀ ಇಲ್ಲದೆಯೂ ಬ್ರೇಕ್ ಲೈಟಿಗೆ ಕರೆಂಟ್ ಇರುವ ಗಾಡಿಯಾದರೆ ‘ಬೆಳಿಗ್ಗೆ ನೋಡೋಣ’ ಎಂದು ಬಿಡಬೇಡಿ. ಎರಡು ಬಲ್ಬ್ ಸೇರಿ 42 ವ್ಯಾಟ್, ಅಂದರೆ 3.5 ಆಂಪಿಯರ್. ರಾತ್ರಿ 10 ಗಂಟೆಯಲ್ಲಿ 35 ಆಂಪಿಯರ್-ಅವರ್ ಖಾಲಿ. 65ರ ಬ್ಯಾಟರಿಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು, ಬೆಳಿಗ್ಗೆ ಸೆಲ್ಫ್ ಎಳೆಯುವುದಿಲ್ಲ.

ಸ್ವಿಚ್ಚೇ ಕೆಟ್ಟಿದೆ ಎಂದು ಖಾತ್ರಿ ಮಾಡುವುದು

ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಎರಡು ಪಿನ್ನಿನ ಸ್ವಿಚ್ ಆದರೆ ಕಪ್ಲರ್ ಕಿತ್ತು, ಕೀ ಆನ್ ಮಾಡಿ, ವೈರಿಂಗ್ ಕಡೆಯ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ. ಲೈಟ್ ಹತ್ತಿದರೆ ಬಲ್ಬ್, ಫ್ಯೂಸ್, ವೈರ್ ಎಲ್ಲ ಸರಿ, ತಪ್ಪು ಸ್ವಿಚ್ಚಿನದೇ. ಹತ್ತದಿದ್ದರೆ ಹೊಸ ಸ್ವಿಚ್ಚಿಗೆ ಹಣ ಹಾಕಬೇಡಿ.

ನಾಲ್ಕು ಪಿನ್ ಇದ್ದರೆ ಹೀಗೆ ಕಣ್ಣುಮುಚ್ಚಿ ಸೇರಿಸಬಾರದು. ಒಂದು ಜೋಡಿ ಲೈಟಿಗೆ, ಇನ್ನೊಂದು ಜೋಡಿ ಇಸಿಯುಗೆ, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೆ. ಎರಡೂ ಒಂದಕ್ಕೊಂದು ಉಲ್ಟಾ ಕೆಲಸ ಮಾಡುತ್ತವೆ, ಒಂದು ಸೇರಿದಾಗ ಇನ್ನೊಂದು ಬಿಡುತ್ತದೆ. ಎರಡರ ತಾಳ ತಪ್ಪಿದರೆ ಇಸಿಯು ಚೆಕ್ ಲೈಟ್ ಹಾಕುತ್ತದೆ. ಸ್ಕ್ಯಾನರಿನಲ್ಲಿ ಪಿ0504 ಅಥವಾ ಪಿ0571 ಕೋಡ್ ಬಂದರೆ ಅದು ಈ ಸರ್ಕ್ಯೂಟಿನದೇ ದೂರು. ಕೆಲವು ಗಾಡಿಗಳಲ್ಲಿ ಬ್ರೇಕ್ ಒತ್ತಿಯೇ ಇದೆ ಎಂದು ಇಸಿಯು ತಿಳಿದು ಡೀಸೆಲ್ ಕಡಿಮೆ ಮಾಡುತ್ತದೆ, ‘ಪಿಕಪ್ ಇಲ್ಲ’ ಎಂದು ಡ್ರೈವರ್ ಇಂಜೆಕ್ಟರ್ ಹಿಂದೆ ಬೀಳುತ್ತಾನೆ. ಇಂಥ ಸ್ವಿಚ್ಚನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಿ: ಪ್ಲಂಜರ್ ಒತ್ತಿದಾಗ ಒಂದು ಜೋಡಿ ಸೇರಬೇಕು, ಬಿಟ್ಟಾಗ ಇನ್ನೊಂದು.

ಮೀಟರಿನ ಬೀಪ್ ನಂಬಿ ಮೋಸ ಹೋಗುವವರು ಬಹಳ. ಹತ್ತಿಪ್ಪತ್ತು ಓಮ್ ಇದ್ದರೂ ಎಷ್ಟೋ ಮೀಟರ್ ಬೀಪ್ ಎನ್ನುತ್ತವೆ. 3.5 ಆಂಪಿಯರ್ ಹರಿಯಬೇಕಾದ ಕಡೆ ಒಂದು ಓಮ್ ಕೂಡ ಜಾಸ್ತಿಯೇ. ಸರಿಯಾದ ದಾರಿ ಇದು: ಕಪ್ಲರ್ ಹಾಕಿದಂತೇ ಇರಲಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಲರಿನ ಹಿಂಬದಿಯಿಂದ ಎರಡೂ ವೈರಿಗೆ ಪ್ರೋಬ್ ತೂರಿಸಿ. ಬ್ರೇಕ್ ಬಿಟ್ಟಾಗ 12 ವೋಲ್ಟ್ ತೋರಿಸುತ್ತದೆ. ಒತ್ತಿದಾಗ 0.2 ವೋಲ್ಟಿನ ಒಳಗೆ ಇಳಿಯಬೇಕು. 0.5 ದಾಟಿದರೆ ಕಾಂಟ್ಯಾಕ್ಟ್ ಸುಟ್ಟಿದೆ, ಇವತ್ತು ಮಂಕಾಗಿ ಹತ್ತುವ ಲೈಟ್ ನಾಳೆ ಹತ್ತುವುದಿಲ್ಲ. ಸ್ವಿಚ್ಚಿನೊಳಗೆ ಎಣ್ಣೆ ಸ್ಪ್ರೇ ಹೊಡೆದು ಬದುಕಿಸುವ ಪ್ರಯತ್ನ ಬೇಡ. ಕಿಡಿಗೆ ಆ ಎಣ್ಣೆ ಸುಟ್ಟು ಮಸಿಯಾಗಿ ಕೂರುತ್ತದೆ.

ಬದಲಿಸಿ ಸೆಟ್ ಮಾಡುವುದು

ಹಳೆಯ ಸ್ವಿಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಪಿನ್ ಎಷ್ಟು, ಥ್ರೆಡ್ ದಪ್ಪ ಎಷ್ಟು, ಪ್ಲಂಜರ್ ಉದ್ದ ಎಷ್ಟು, ಮೂರೂ ಹೊಂದಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಒಂದೇ ಥರ ಕಾಣುವ ಹತ್ತು ಸ್ವಿಚ್ ಮುಂದಿಡುತ್ತಾರೆ. ಕೊಳ್ಳುವ ಮೊದಲು ಅಲ್ಲೇ ಮೀಟರ್ ಹಿಡಿದು, ಪ್ಲಂಜರ್ ಬಿಟ್ಟಾಗ ಸೇರುತ್ತದೆ, ಒತ್ತಿದಾಗ ಬಿಡುತ್ತದೆ ಎಂದು ನೋಡಿಕೊಳ್ಳಿ. ಉಲ್ಟಾ ಕೆಲಸ ಮಾಡುವ ಸ್ವಿಚ್ಚೂ ಅದೇ ಡಬ್ಬಿಯಲ್ಲಿರಬಹುದು.

ಬಿಚ್ಚುವ ಮೊದಲು ಲಾಕ್ ನಟ್ಟಿನ ಆಚೆ ಎಷ್ಟು ಥ್ರೆಡ್ ಕಾಣುತ್ತದೆ ಎಂದು ಎಣಿಸಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಫ್ಯೂಸ್ ತೆಗೆಯಿರಿ. ಕಪ್ಲರ್ ಕಿತ್ತ ಮೇಲಷ್ಟೇ ಸ್ವಿಚ್ ತಿರುಗಿಸಿ, ಕಪ್ಲರ್ ಸಮೇತ ತಿರುಗಿಸಿದರೆ ವೈರ್ ಒಳಗೇ ಹುರಿಗೊಂಡು ಕಡಿಯುತ್ತದೆ. ಓಪನ್ ಸ್ಪ್ಯಾನರಿನಿಂದ ಲಾಕ್ ನಟ್ ಸಡಿಲಿಸಿ, ಸ್ವಿಚ್ಚನ್ನು ಕೈಯಲ್ಲೇ ತಿರುಗಿಸಿ ಹೊರತೆಗೆಯಿರಿ.

ಹೊಸದನ್ನು ಕೈಯಲ್ಲೇ ತಿರುಗಿಸುತ್ತ ಒಳಗೆ ತನ್ನಿ. ಪ್ಲಂಜರ್ ಪೂರ್ತಿ ಒಳಗೆ ಹೋಗಿ ಸ್ವಿಚ್ಚಿನ ಮೈ ಸ್ಟಾಪರಿಗೆ ಮೆಲ್ಲಗೆ ತಾಗಿದ ಕಡೆ ನಿಲ್ಲಿಸಿ. ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ. ಥ್ರೆಡ್ಡಿನ ಪಿಚ್ 1.25 ಮಿ.ಮೀ. ಆದರೆ ಅರ್ಧ ಸುತ್ತಿಗೆ 0.6 ಮಿ.ಮೀ. ಸಂದು ಸಿಗುತ್ತದೆ. ಹೆಚ್ಚಿನ ಗಾಡಿಗಳಿಗೆ ಅರ್ಧದಿಂದ ಒಂದು ಮಿ.ಮೀ. ಸಂದು ಸಾಕು, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಸ್ವಿಚ್ ಅಲುಗದಂತೆ ಒಂದು ಕೈಯಲ್ಲಿ ಹಿಡಿದು ಲಾಕ್ ನಟ್ ಬಿಗಿ ಮಾಡಿ. ಪ್ಲಾಸ್ಟಿಕ್ ಮೈಯ ಸ್ವಿಚ್ ಆದರೆ ಜೋರು ಬೇಡ, ಥ್ರೆಡ್ ಕಿತ್ತುಬರುತ್ತದೆ. ಕಪ್ಲರ್, ಫ್ಯೂಸ್ ಹಾಕಿ ಕೈಯಿಂದ ಪೆಡಲ್ ಒತ್ತಿ: 5ರಿಂದ 10 ಮಿ.ಮೀ. ಇಳಿಯುವಷ್ಟರಲ್ಲಿ ಲೈಟ್ ಹತ್ತಬೇಕು, ಅಂದರೆ ಬ್ರೇಕ್ ಹಿಡಿಯುವ ಮೊದಲೇ.

ಲೈಟ್ ಬೇಗ ಆರಲಿ ಎಂದು ಸ್ವಿಚ್ಚನ್ನು ಇನ್ನೂ ಒಳಗೆ ತಿರುಗಿಸುವುದು ದೊಡ್ಡ ತಪ್ಪು. ಸ್ವಿಚ್ಚಿನ ಮೈ ಪೆಡಲನ್ನು ತಳ್ಳಿ ಹಿಡಿದರೆ ಪೆಡಲ್ ಪೂರ್ತಿ ವಾಪಸ್ ಬರುವುದಿಲ್ಲ. ಆಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಸ್ವಲ್ಪ ಮುಂದೆಯೇ ನಿಂತು, ಆಯಿಲ್ ಡಬ್ಬಿಗೆ ಹಿಂತಿರುಗುವ ಸಣ್ಣ ತೂತನ್ನು ಮುಚ್ಚುತ್ತದೆ. ಬ್ರೇಕ್ ಬಿಸಿಯಾಗಿ ಹಿಗ್ಗಿದ ಆಯಿಲ್ ಎಲ್ಲಿಗೂ ಹೋಗಲಾರದೆ ಲೈನರನ್ನು ಒತ್ತಿಕೊಂಡೇ ಇರುತ್ತದೆ, ಅದರಿಂದ ಇನ್ನಷ್ಟು ಬಿಸಿ. ಲೋಡ್ ಹಾಕಿ ಘಾಟಿ ಇಳಿಯುವ ಗಾಡಿಯಲ್ಲಿ ಇದು ಪ್ರಾಣಕ್ಕೇ ಕುತ್ತು. ಹಾಗಾಗಿ ಸೆಟ್ ಮಾಡಿದ ಮೇಲೆ ಪೆಡಲಿನಲ್ಲಿ ಮೊದಲಿನ ಸಡಿಲ ಹಾಗೇ ಇದೆಯೇ ಎಂದು ಬೆರಳಲ್ಲಿ ನೋಡಿ, ನಾಲ್ಕೈದು ಕಿ.ಮೀ. ಓಡಿಸಿ ಚಕ್ರದ ಹತ್ತಿರ ಕೈ ಹಿಡಿಯಿರಿ. ಕೈ ಇಡಲಾರದಷ್ಟು ಕಾವು ಬರುತ್ತಿದ್ದರೆ ಸ್ವಿಚ್ಚನ್ನು ಮತ್ತೆ ಹಿಂದಕ್ಕೆ ತಿರುಗಿಸಿ.

ಥ್ರೆಡ್ ಇಲ್ಲದೆ ಕಾಲು ಸುತ್ತು ತಿರುಗಿಸಿ ಲಾಕ್ ಮಾಡುವ ಸ್ವಿಚ್ಚೂ ಇವೆ. ಇವು ಮೊದಲ ಸಲ ಕೂರುವಾಗ ತಾವೇ ಅಳತೆ ಹಿಡಿಯುತ್ತವೆ. ಪ್ಯಾಕೆಟ್ಟಿನಲ್ಲಿ ಹೇಳಿದಂತೆಯೇ ಕೂರಿಸಿ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಿದರೆ ಅಳತೆ ಸರಿಬರುವ ಭರವಸೆಯಿಲ್ಲ.

ಹಳೆಯ ಜೀಪ್ ಮಾದರಿಯ ಗಾಡಿಗಳಲ್ಲಿ ಸ್ವಿಚ್ ಪೆಡಲಿನ ಹತ್ತಿರ ಇರುವುದಿಲ್ಲ, ಮಾಸ್ಟರ್ ಸಿಲಿಂಡರಿಗೋ ಬ್ರೇಕ್ ಪೈಪಿಗೋ ತಿರುಗಿಸಿರುತ್ತಾರೆ. ಆಯಿಲ್ ಒತ್ತಡಕ್ಕೆ ಕೆಲಸ ಮಾಡುವ ಸ್ವಿಚ್ ಅದು. ಜೋರಾಗಿ ಒತ್ತಿದರೆ ಮಾತ್ರ ಲೈಟ್ ಬರುವುದು, ಪಿನ್ನಿನ ಬುಡದಲ್ಲಿ ಬ್ರೇಕ್ ಆಯಿಲ್ ಜಿನುಗುವುದು ಅದು ಸೋತ ಲಕ್ಷಣ. ಬದಲಿಸಿದರೆ ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯಲೇಬೇಕು.

ಹೊಸ ಸ್ವಿಚ್ ಮತ್ತೆ ಮತ್ತೆ ಸುಡುತ್ತಿದ್ದರೆ

ಹಿಂಬದಿಯಲ್ಲಿ ಅಲಂಕಾರಕ್ಕೆ ಕಟ್ಟಿಸಿದ ಹೆಚ್ಚುವರಿ ಬಲ್ಬುಗಳನ್ನು ಲೆಕ್ಕ ಹಾಕಿ. ಇನ್ನೂ ನಾಲ್ಕು 21 ವ್ಯಾಟಿನ ಬಲ್ಬನ್ನು ಬ್ರೇಕ್ ವೈರಿಗೆ ಸೇರಿಸಿದ್ದರೆ ಒಟ್ಟು 10 ಆಂಪಿಯರ್ ದಾಟುತ್ತದೆ. ಪುಟ್ಟ ಕಾಂಟ್ಯಾಕ್ಟ್ ಅಷ್ಟನ್ನು ದಿನವಿಡೀ ತಡೆಯುವುದಿಲ್ಲ. ಆ ಬಲ್ಬುಗಳನ್ನು ತೆಗೆಯಿರಿ. ಬೇಕೇ ಬೇಕೆಂದರೆ 12 ವೋಲ್ಟ್, 30 ಆಂಪಿಯರಿನ ನಾಲ್ಕು ಪಿನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿ, ಪಿನ್ನುಗಳ ಮೇಲಿನ ಅಂಕಿ ನೋಡಿ ಜೋಡಿಸಿ: ಕ್ಯಾಬಿನ್ನಿನಿಂದ ಬರುವ ಬ್ರೇಕ್ ವೈರ್ 86ಕ್ಕೆ, 85 ಅರ್ಥಿಗೆ, ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಹೆಚ್ಚುವರಿ ಬಲ್ಬುಗಳಿಗೆ. ರಿಲೇ ಸುರುಳಿಗೆ ಬೇಕಾಗುವುದು ಸುಮಾರು 0.2 ಆಂಪಿಯರ್, ಸ್ವಿಚ್ಚಿಗೆ ಅದು ಹೊರೆಯೇ ಅಲ್ಲ. ಕಂಪನಿಯ ಎರಡು ಲೈಟನ್ನು ಮಾತ್ರ ಹಳೆಯ ದಾರಿಯಲ್ಲೇ ಬಿಡಿ. ರಿಲೇ ಕೆಟ್ಟ ದಿನವೂ ಅವೆರಡು ಹತ್ತುತ್ತವೆ.