ಎರಡು ಮೆಮೊರಿ ಮ್ಯಾಕ್ರೊ ನಡುವಿನ ಸಂದಿ: ಓಪನ್‌ರೋಡ್‌ನಲ್ಲಿ ರೂಟಿಂಗ್ ಸೊನ್ನೆಗೆ ತಂದದ್ದು

130 ನ್ಯಾನೊಮೀಟರಿನ ಓಪನ್ ಚಿಪ್ ಪ್ರಕ್ರಿಯೆ ಸ್ಕೈ130ರಲ್ಲಿ ಎರಡು ಮೆಮೊರಿ ಮ್ಯಾಕ್ರೊ (ಸಿದ್ಧ ಮೆಮೊರಿ ಬ್ಲಾಕ್) ಇಟ್ಟರೆ, ಪುಕ್ಕಟೆ ಚಿಪ್ ಲೇಔಟ್ ಟೂಲ್ ಓಪನ್‌ರೋಡ್‌ನಲ್ಲಿ ರೂಟಿಂಗ್, ಅಂದರೆ ತಂತಿ ಎಳೆಯುವ ಕೆಲಸ, ಕ್ಲೀನ್ ಆಗುವುದಿಲ್ಲ, ಲೈಸೆನ್ಸ್ ಟೂಲೇ ಬೇಕು ಎಂದು ಬೆಂಗಳೂರಿನ ಲೇಔಟ್ ಗೆಳೆಯರು ಹೇಳುತ್ತಲೇ ಇದ್ದರು. ತುಮಕೂರಿನಲ್ಲಿ, ಮನೆಯ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ಮೇಲೇ ಆಯಿತು. ತಂತಿಗಳನ್ನು ನಿಖರವಾಗಿ ಎಳೆಯುವ ಡಿಟೇಲ್ಡ್ ರೂಟರ್‌ನಲ್ಲಿ ದೋಷ ಸೊನ್ನೆ, ನಿಯಮ ತಪಾಸಿಸುವ ಕೆಲೇಔಟ್‌ನಲ್ಲೂ ಸೊನ್ನೆ, ಲೇಔಟನ್ನು ಸರ್ಕ್ಯೂಟ್ ಜೊತೆ ತಾಳೆ ನೋಡುವ ಎಲ್‌ವಿಎಸ್ ಮ್ಯಾಚ್. ರೂಟರ್‌ನ ಸೆಟ್ಟಿಂಗ್ ತಿರುವಿ ಆದದ್ದಲ್ಲ. ರೂಟರ್ ಶುರುವಾಗುವ ಮೊದಲೇ ಮುಕ್ಕಾಲು ಕೆಲಸ ಮುಗಿಸಿಕೊಂಡದ್ದು.

ಡಿಸೈನ್ ಎಲ್ಲರಿಗೂ ಗೊತ್ತಿರುವಂಥದ್ದು: ಪಿಕೊಆರ್‌ವಿ32 ಎಂಬ ಪುಟ್ಟ ಪ್ರೊಸೆಸರ್ ಕೋರ್, ಮೆಮೊರಿ ತಯಾರಿಸುವ ಟೂಲ್ ಓಪನ್‌ರ್ಯಾಮ್‌ನ 2 ಕಿಲೋಬೈಟ್ ಮ್ಯಾಕ್ರೊ ಎರಡು, ಎಚ್‌ಡಿ ಸೆಲ್ ಲೈಬ್ರರಿ (ಸಿದ್ಧ ಗೇಟ್‌ಗಳ ಸಂಗ್ರಹ), 25 ಮೆಗಾಹರ್ಟ್ಸ್. ಮ್ಯಾಕ್ರೊ ಎರಡೂ ಕೆಳಗೆ ಅಕ್ಕಪಕ್ಕ, ಲಾಜಿಕ್ ಮೇಲೆ.

ತೊಂದರೆ ಇದ್ದದ್ದು ಅವೆರಡರ ನಡುವಿನ ಸಂದಿಯಲ್ಲಿ. ಒಂದು ಮ್ಯಾಕ್ರೊ ಸುಮಾರು 683 × 417 ಮೈಕ್ರಾನ್. ತಂತಿ ಓಡುವ ಲೋಹದ ಲೇಯರ್ ಐದು, ಮ್ಯಾಕ್ರೊ ಒಳಗೆ ಮೆಟಲ್ 1ರಿಂದ 4ರವರೆಗೆ ಎಲ್ಲ ಬ್ಲಾಕ್. ಮೇಲೆ ದಾಟಲು ಉಳಿಯುವುದು ಮೆಟಲ್ 5 ಒಂದೇ. ಅದರ ಪಿಚ್ (ತಂತಿಯಿಂದ ತಂತಿಗೆ ದೂರ) 3.4 ಮೈಕ್ರಾನ್, ಅದಕ್ಕೆ ಹತ್ತುವ ವಯಾ (ಲೇಯರ್ ನಡುವಿನ ಕೊಂಡಿ) 0.8 ಮೈಕ್ರಾನ್, ಸಾಲದ್ದಕ್ಕೆ ವಿದ್ಯುತ್ ಒಯ್ಯುವ ಅಗಲದ ಪಟ್ಟಿ, ಪವರ್ ಸ್ಟ್ರಾಪ್‌ಗೂ ಅದೇ ಬೇಕು. ಹಾಗಾಗಿ ಸಿಗ್ನಲ್ ತಂತಿ ಮೆಟಲ್ 4ರಿಂದ ಮೇಲೆ ಹೋಗಕೂಡದು ಎಂದು ಗೆರೆ ಎಳೆದೆ.

ಈಗ ಲೆಕ್ಕ ನೋಡಿ. ಮೊದಲು ಬಿಟ್ಟ ಸಂದಿ 40 ಮೈಕ್ರಾನ್. ಮೇಲಿಂದ ಕೆಳಕ್ಕೆ ಓಡುವ ಲೇಯರ್ ಎರಡೇ. ಮೆಟಲ್ 2ರ ಪಿಚ್ 0.46, ಅಂದರೆ 86 ಟ್ರ್ಯಾಕ್ (ತಂತಿಯ ಸಾಲು). ಮೆಟಲ್ 4ರದ್ದು 0.92, ಅಂದರೆ 43. ಒಟ್ಟು 129. ಒಂದು ಜೋಡಿ ಪವರ್ ಸ್ಟ್ರಾಪ್ ಹಾದರೆ ಆರೇಳು ಹೋಯಿತು, ದಾರಿಯ ಸ್ಥೂಲ ಯೋಜನೆ ಹಾಕುವ ಗ್ಲೋಬಲ್ ರೂಟರ್ ಕಾಯ್ದಿಡುವ 0.3 ಪಾಲು (ಅಡ್ಜಸ್ಟ್‌ಮೆಂಟ್) ಕಳೆದರೆ ಕೈಗೆ ಸಿಗುವುದು 85ರ ಆಸುಪಾಸು. ಬೇಕಾದದ್ದೆಷ್ಟು? ಒಂದು ಮ್ಯಾಕ್ರೊದ ಮೊದಲ ಪೋರ್ಟಿಗೇ ಡೇಟಾ ಒಳಗೆ 32, ಹೊರಗೆ 32, ಅಡ್ರೆಸ್ 9, ರೈಟ್ ಮಾಸ್ಕ್ 4, ಕ್ಲಾಕ್ ಮತ್ತು ಎರಡು ಕಂಟ್ರೋಲ್ ಸೇರಿ 80 ತಂತಿ, ಎರಡು ಮ್ಯಾಕ್ರೊಗೆ 160. ಲಾಜಿಕ್‌ಗೆ ಬೆನ್ನು ತಿರುಗಿಸಿದ ಪಿನ್‌ಗಳ ತಂತಿಗಳಲ್ಲಿ ಹೆಚ್ಚಿನವು ಇದೇ ಸಂದಿಗೆ ನುಗ್ಗುತ್ತವೆ. ತಂತಿಯ ದಟ್ಟಣೆ ತೋರಿಸುವ ಕಂಜೆಷನ್ ಮ್ಯಾಪ್ ತೆರೆದರೆ ಸಂಜೆ ಹೊತ್ತಿನ ನಮ್ಮೂರ ಮಂಡಿಪೇಟೆ. ಇಂಥ ಕಡೆ ಡಿಟೇಲ್ಡ್ ರೂಟರ್‌ಗೆ 64 ಸುತ್ತು ಕೊಟ್ಟರೂ ಅಷ್ಟೇ, ಇಲ್ಲದ ಟ್ರ್ಯಾಕ್ ಅದು ಎಲ್ಲಿಂದ ತರಬೇಕು?

ಯುಟಿಲೈಸೇಷನ್ (ಜಾಗದಲ್ಲಿ ಸೆಲ್ ತುಂಬುವ ಪ್ರಮಾಣ) ಇಳಿಸು ಎನ್ನುವುದು ಎಲ್ಲರೂ ಕೊಡುವ ಸಲಹೆ. ಇಳಿಸಿದರೆ ಸೆಲ್‌ಗಳು ದೂರ ಹರಡುತ್ತವೆ, ತಂತಿ ಉದ್ದವಾಗುತ್ತದೆ, ಆಂಟೆನಾ ದೂರು (ಉದ್ದದ ತಂತಿ ತಯಾರಿಕೆಯ ವೇಳೆ ಚಾರ್ಜ್ ಹೀರಿ ಗೇಟ್ ಕೆಡಿಸುವ ಅಪಾಯ) ಏರುತ್ತದೆ. ಸಂದಿ ಮಾತ್ರ ಇದ್ದಷ್ಟೇ ಇರುತ್ತದೆ.

ಕೆಲಸಕ್ಕೆ ಬಂದದ್ದು ಬೇರೆ. ಪಿನ್ ಹೆಚ್ಚಿರುವ ಬದಿ ಲಾಜಿಕ್ ಕಡೆಗೆ ಬರುವಂತೆ ಮ್ಯಾಕ್ರೊಗಳನ್ನು ಮಗುಚಿದೆ, ಎರಡನ್ನೂ ಒಂದಕ್ಕೊಂದು ಕನ್ನಡಿಯಂತೆ ಕೂರಿಸಿದೆ. ಎರಡನೇ ಪೋರ್ಟ್ ಬಳಕೆಯಲ್ಲಿಲ್ಲ, ಅದರ ಚಿಪ್ ಸೆಲೆಕ್ಟ್ ಸಿಗ್ನಲನ್ನು 1ಕ್ಕೆ ಕಟ್ಟಿ ಆಫ್ ಮಾಡಿದ್ದಾಯಿತು. ಸಂದಿ 60 ಮೈಕ್ರಾನ್‌ಗೆ ಏರಿತು. ಅಗಲ ಮಾಡಿದ ಜಾಗದ ಬೆಲೆ 20 × 417, ಒಂದು ಚದರ ಮಿಲಿಮೀಟರಿನ ನೂರನೇ ಒಂದು ಭಾಗವೂ ಅಲ್ಲ. ಸಂದಿಯಲ್ಲಿ ಹಾಯುವ ತಂತಿ ಐವತ್ತರೊಳಗೆ ಬಂತು.

ಆಮೇಲೂ ಸಂದಿಯಲ್ಲಿ ಕೆಂಪು ಉಳಿದಿತ್ತು, ಕಾರಣ ಬಫರ್ (ಸಿಗ್ನಲ್‌ಗೆ ಬಲ ಕೊಡುವ ಸೆಲ್). ಟೈಮಿಂಗ್ ರಿಪೇರಿ ಹಂತವು ಖಾಲಿ ಜಾಗ ಕಂಡಲ್ಲಿ ಬಫರ್ ಇಡುತ್ತದೆ. ಸಂದಿಯೊಳಗೆ ಕೂತ ಪ್ರತಿ ಬಫರೂ ತನ್ನ ಪಿನ್‌ಗೆ ಇಳಿಯಲು ಮೆಟಲ್ 2ನ್ನು ಕಿತ್ತುಕೊಳ್ಳುತ್ತದೆ. ಸಂದಿಯಲ್ಲಿ ಸೆಲ್ ಕೂರದಂತೆ ಪೂರ್ತಿ ಪ್ಲೇಸ್‌ಮೆಂಟ್ ಬ್ಲಾಕೇಜ್ ಹಾಕಿದೆ. 25 ಮೆಗಾಹರ್ಟ್ಸ್‌ಗೆ 417 ಮೈಕ್ರಾನ್ ತಂತಿ ಬಫರ್ ಇಲ್ಲದೆ ಆರಾಮಾಗಿ ಓಡುತ್ತದೆ.

ಪಿನ್‌ಗಳ ಸಾಲು ಹೇಳುವ ಪಿನ್ ಆರ್ಡರ್ ಫೈಲ್ ಬಗ್ಗೆ ಒಂದು ಮಾತು. 32 ಬಿಟ್ ಬಸ್ ತಲೆಕೆಳಗಾಗಿ ಬಂದರೆ ಪ್ರತಿ ತಂತಿಯೂ ಉಳಿದೆಲ್ಲವನ್ನೂ ದಾಟಬೇಕು, ಒಟ್ಟು 496 ಕ್ರಾಸಿಂಗ್. ಫೈಲಿನಲ್ಲಿ ಸಾಲು ತಿರುಗಿಸಿದರೆ ಪುಕ್ಕಟೆ ಪರಿಹಾರ. ಆದರೂ ಜನ ಇದನ್ನು ಬಿಟ್ಟು ರೂಟರನ್ನು ಬೈಯುತ್ತಾರೆ.

ಕೊನೆಗೆ ನಲವತ್ತು ಚಿಲ್ಲರೆ ದೋಷ ಲಾಜಿಕ್ ಭಾಗದಲ್ಲಿ ಗಟ್ಟಿಯಾಗಿ ಕೂತುಬಿಟ್ಟವು, ಹತ್ತನೇ ಸುತ್ತಿನ ನಂತರ ಒಂದೂ ಇಳಿಯಲಿಲ್ಲ. ದೋಷದ ಜಾಗ ತೋರಿಸುವ ಮಾರ್ಕರ್ ತೆರೆದು ನೋಡಿದರೆ ಬಹುಪಾಲು ಮೆಟಲ್ 1 ಸ್ಪೇಸಿಂಗ್, ಅಂದರೆ ಅಂತರ ಸಾಲದ್ದು. ನಾಲ್ಕು ಇನ್‌ಪುಟ್‌ನ ಗೇಟ್‌ಗಳು ಮೈಗೆ ಮೈ ತಾಗಿ ನಿಂತಿವೆ, ಪಿನ್ ಇರುವುದು ಮೆಟಲ್ 1ರ ಕೆಳಗಿನ ಲೋಕಲ್ ಇಂಟರ್‌ಕನೆಕ್ಟ್ ಲೇಯರಿನಲ್ಲಿ, ಪಕ್ಕಪಕ್ಕದ ಎರಡು ಪಿನ್ ಮೇಲೆ ವಯಾ ಇಳಿಸಿದರೆ ಬೇಕಾದ 0.14 ಮೈಕ್ರಾನ್ ಅಂತರ ಉಳಿಯುವುದಿಲ್ಲ. ಸೆಲ್ ಪ್ಯಾಡಿಂಗ್ (ಸೆಲ್ ಪಕ್ಕ ಬಿಡುವ ಖಾಲಿ ಜಾಗ) ಹಾಕಿದರೆ ಬಿಡಿಸಿಕೊಳ್ಳುತ್ತದೆ. ಸೆಲ್ ಕೂರುವ ಅಗಲದ ಅಳತೆ ಒಂದು ಸೈಟ್ ಅಂದರೆ 0.46 ಮೈಕ್ರಾನ್, ಒಂದೆರಡು ಸೈಟ್ ಸಾಕು. ಸ್ಥೂಲವಾಗಿ ಕೂರಿಸುವ ಗ್ಲೋಬಲ್ ಪ್ಲೇಸ್‌ಮೆಂಟ್‌ನ ಪ್ಯಾಡಿಂಗ್, ನಿಖರವಾಗಿ ಕೂರಿಸುವ ಡಿಟೇಲ್ಡ್ ಪ್ಲೇಸ್‌ಮೆಂಟ್‌ಗಿಂತ ಕಡಿಮೆ ಇರಕೂಡದು. ಅದರ ಜೊತೆಗೆ ಕೆಲವು ಸೆಲ್‌ಗಳನ್ನು ಕೋಡನ್ನು ಗೇಟ್‌ಗಳಾಗಿ ಬದಲಿಸುವ ಸಿಂಥೆಸಿಸ್‌ನಲ್ಲೇ ನಿಷೇಧಿಸಿದೆ. ಆ ಪಟ್ಟಿ ನನ್ನ ಹತ್ತಿರವೇ ಇರಲಿ, ನಿಮ್ಮ ಮಾರ್ಕರ್ ನೋಡಿದರೆ ನಿಮಗೂ ಸಿಗುತ್ತದೆ. ಮೆಟಲ್ 1ರ ಲೇಯರ್ ಅಡ್ಜಸ್ಟ್‌ಮೆಂಟ್ ಏರಿಸಿ ಉದ್ದದ ತಂತಿಗಳನ್ನು ಮೇಲಕ್ಕೆ ತಳ್ಳಿದ್ದೂ ಸಹಾಯವಾಯಿತು. ಎಷ್ಟಕ್ಕೆ ಏರಿಸಿದೆ ಎಂಬುದೂ ಸದ್ಯಕ್ಕೆ ಗುಟ್ಟು.

ದುಡ್ಡಿನ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಹಳೇ ಜಿಯಾನ್ ಪ್ರೊಸೆಸರ್ ಡಬ್ಬ, 64 ಜಿಬಿ ಮೆಮೊರಿ ಸೇರಿ ನಲವತ್ತು ಸಾವಿರದ ಹತ್ತಿರ. ಮೊದಲು ಕ್ಲೌಡ್ ಬಾಡಿಗೆ ಹಿಡಿದು ಐದಾರು ಸಾವಿರ ಸುಟ್ಟಿತ್ತು, ಅದೂ ಸಂದಿಯ ಲೆಕ್ಕ ಹಾಕದೆ ಹೊಡೆದ ರನ್‌ಗಳಿಗೆ. ಯುಪಿಎಸ್ ಮಾತ್ರ ಬಿಡಬೇಡಿ. ಪ್ರತಿ ಹಂತದ ಡೇಟಾಬೇಸ್ ಉಳಿಯುತ್ತದೆ ನಿಜ, ಆದರೆ ಡಿಟೇಲ್ಡ್ ರೂಟಿಂಗ್ ನಡುವೆ ಕರೆಂಟ್ ಹೋದರೆ ಆ ಹಂತ ಮತ್ತೆ ಮೊದಲಿಂದ.

ಈ ನಡುವೆ ಪೈಥಾನ್‌ನಲ್ಲಿ ಸ್ವಂತ ರೂಟರ್ ಬರೆಯುವ ಹುಚ್ಚೂ ಹಿಡಿಯಿತು. ಸಿ.ವೈ. ಲೀ 1961ರಲ್ಲಿ ಕೊಟ್ಟ, ಅಲೆಯಂತೆ ಹರಡಿ ದಾರಿ ಹುಡುಕುವ ವಿಧಾನವೇ. ಒಂದು ಚದರ ಮಿಲಿಮೀಟರಿಗೆ 0.34 × 0.46 ಗ್ರಿಡ್ ಹಾಕಿದರೆ ಲೇಯರಿಗೆ 64 ಲಕ್ಷ ಬಿಂದು. ಉದ್ದದ ಒಂದು ನೆಟ್‌ಗೆ (ಪಿನ್‌ಗಳನ್ನು ಜೋಡಿಸುವ ಒಂದು ಸಂಪರ್ಕಕ್ಕೆ) ಚಹಾ ಕುಡಿದು ಬರುವಷ್ಟು ಹೊತ್ತು. ಆದರೆ ಎರಡು ನೆಟ್ ಜಗಳ ಆಡಿದ ಟ್ರ್ಯಾಕ್‌ಗೆ ಪ್ರತಿ ಸುತ್ತಿನಲ್ಲಿ ಬೆಲೆ ಏರಿಸುತ್ತಾ ಹೋದಾಗ, ಯಾವ ನೆಟ್ ಮೊದಲು ಎಂಬ ಸರದಿಯ ತಲೆನೋವು ಹೋಯಿತು. ಎಫ್‌ಪಿಜಿಎ (ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್) ಕಡೆಯ ಪಾತ್‌ಫೈಂಡರ್ ವಿಧಾನ ಮಾಡುವುದೂ ಇದನ್ನೇ. ಮುನ್ನೂರು ನೆಟ್‌ನ ಪುಟಾಣಿ ಬ್ಲಾಕ್ ಪೂರ್ತಿ ರೂಟ್ ಆಯಿತು, ಲೋಹದ ತುಂಡು ಇಷ್ಟಾದರೂ ದೊಡ್ಡದಿರಬೇಕು ಎನ್ನುವ ಮಿನಿಮಮ್ ಏರಿಯಾ ನಿಯಮ ಮಾತ್ರ ಎಲ್ಲೆಡೆ ಮುರಿದಿತ್ತು.

ಕೊನೆಯ ಚೆಕ್‌ನಲ್ಲಿ ಮ್ಯಾಜಿಕ್ ಟೂಲಿನ ಡಿಆರ್‌ಸಿ (ಲೇಔಟ್ ನಿಯಮ ತಪಾಸಣೆ) ಸಾವಿರಗಟ್ಟಲೆ ದೋಷ ತೋರಿಸಿದರೆ ಗಾಬರಿ ಬೇಡ, ಮೊದಲು ಅವು ಎಲ್ಲಿವೆ ನೋಡಿ. ಮೆಮೊರಿ ಸೆಲ್‌ಗಳಿಗೆ ಇನ್ನೂ ಕಿರಿದಾದ ಅಂತರಕ್ಕೆ ಒಪ್ಪುವ ಬೇರೆ ನಿಯಮ ಇರುವುದರಿಂದ ಮ್ಯಾಕ್ರೊ ಒಳಗಿನದ್ದು ಬಹುಪಾಲು ಸುಳ್ಳು ಎಚ್ಚರಿಕೆ. ಮ್ಯಾಕ್ರೊವನ್ನು ಒಳಗಿನ ವಿವರವಿಲ್ಲದ ಹೊರರೂಪವಾಗಿ (ಅಬ್‌ಸ್ಟ್ರಾಕ್ಟ್) ಕೊಟ್ಟು ಮತ್ತೆ ಓಡಿಸಿ. ಆಂಟೆನಾ ದೂರಿಗೆ 90 ಮೈಕ್ರಾನ್ ದಾಟಿದ ನೆಟ್‌ಗಳಿಗೆಲ್ಲ ಚಾರ್ಜ್ ಇಳಿಸುವ ಡಯೋಡ್ ಮೊದಲೇ ಇಟ್ಟಿದ್ದೆ, ಉಳಿದ ನಾಲ್ಕೈದನ್ನು ರೂಟರ್ ರಿಪೇರಿ ಮಾಡಿತು.