ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್‌ನಲ್ಲಿ ಪಿಎಚ್.ಡಿ. ಮಾಡುವುದು ಹೇಗೆ?

ಎಂ.ಪಿ.ಎಡ್. ಮುಗಿಸಿದವರು, ಎಂ.ಬಿ.ಎ. ಮಾಡಿಯೂ ಆಟದ ಹುಚ್ಚು ಬಿಡದವರು, ಹತ್ತಾರು ವರ್ಷದಿಂದ ಶಾಲೆ ಮೈದಾನದಲ್ಲಿ ಸೀಟಿ ಊದುತ್ತಿರುವ ಪಿ.ಟಿ. ಮೇಷ್ಟ್ರುಗಳು. ಎಲ್ಲರೂ ಮೊದಲು ಕೇಳುವುದು ಒಂದೇ: 'ಒಳ್ಳೆ ಗೈಡ್ ಯಾರಿದ್ದಾರೆ?' ಗೈಡ್ ಆಮೇಲೆ. ನಿಮಗೆ ಏನನ್ನು ತಿಳಿಯಬೇಕಾಗಿದೆ, ಅದನ್ನು ಮೊದಲು ಹೇಳಿ.

ಮೊದಲು ಪ್ರಶ್ನೆ

'ಕರ್ನಾಟಕದಲ್ಲಿ ಕ್ರೀಡಾ ನಿರ್ವಹಣೆ: ಒಂದು ಅಧ್ಯಯನ' ಅಂತ ವಿಷಯ ಹಿಡಿದರೆ ಅದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ. ಚಿಕ್ಕದು ಮಾಡಿ. ನಿಮ್ಮ ತಾಲ್ಲೂಕು ಕ್ರೀಡಾಂಗಣಕ್ಕೆ ಒಂದು ವಾರ ದಿನಾ ಸಂಜೆ 5ಕ್ಕೆ ಹೋಗಿ, ಏಳೂವರೆ ತನಕ ಸುಮ್ನೆ ಕೂತುಕೊಳ್ಳಿ. ಕೈಯಲ್ಲೊಂದು ನೋಟ್‌ಬುಕ್ ಇರಲಿ. ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಲೈಟು ಎಷ್ಟು ಹೊತ್ತಿಗೆ ಹಾಕುತ್ತಾರೆ, ಶೌಚಾಲಯದಲ್ಲಿ ನೀರು ಬರುತ್ತದಾ, ಓಡಲು ಬಂದ ಹುಡುಗಿಯರು ಹುಡುಗರಿಗಿಂತ ಮುಂಚೆ ಹೊರಡುತ್ತಾರಾ, ಹೊರಟರೆ ಯಾಕೆ, ಎಲ್ಲ ಬರೆದುಕೊಳ್ಳಿ. 'ಮೂರು ತಾಲ್ಲೂಕು ಕ್ರೀಡಾಂಗಣಗಳಲ್ಲಿ ಬೆಳಕು, ಶೌಚಾಲಯದ ವ್ಯವಸ್ಥೆಗೂ ಹೆಣ್ಣುಮಕ್ಕಳ ಬಳಕೆಗೂ ಏನು ನಂಟು' ಅನ್ನುವುದು ಪಿಎಚ್.ಡಿ. ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬಹುದು.

ದೊಡ್ಡ ವಿಷಯಗಳೂ ಕಣ್ಣೆದುರೇ ಇವೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಜನಸಂದಣಿ ನಿರ್ವಹಣೆ ಬಗ್ಗೆ ನಮ್ಮಲ್ಲಿ ಆಳವಾದ ಕೆಲಸ ಆಗಲೇಬೇಕು, ಈ ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಅದೇ ವರ್ಷ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂತು, ಕ್ರೀಡಾ ಫೆಡರೇಷನ್‌ಗಳು ಅದಕ್ಕೆ ಹೇಗೆ ಹೊಂದಿಕೊಳ್ಳುತ್ತವೆ ಅನ್ನುವುದು ಇನ್ನೊಂದು. ಕರಾವಳಿಯವರಿಗೆ ಕಂಬಳ ಸಮಿತಿಗಳು ನಡೆಯುವ ಬಗೆಯೇ ಸಾಕು.

ಆಮೇಲೆ ಬಾಗಿಲು

ನಮ್ಮ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್‌ಗೆ ಬೇರೆ ವಿಭಾಗ ಇಲ್ಲ. ದೈಹಿಕ ಶಿಕ್ಷಣ ವಿಭಾಗದಲ್ಲಿ ಅಥವಾ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ನೋಂದಾಯಿಸಿಕೊಳ್ಳಬೇಕು. ಯಾವ ಸ್ನಾತಕೋತ್ತರ ಪದವಿಗೆ ಯಾವ ಬಾಗಿಲು ತೆರೆಯುತ್ತದೆ ಅಂತ ಆಯಾ ವಿ.ವಿ.ಯ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಮುಂದೆ ದೈಹಿಕ ಶಿಕ್ಷಣ ನಿರ್ದೇಶಕರಾಗಬೇಕಾ, ಬಿ-ಸ್ಕೂಲಲ್ಲಿ ಪಾಠ ಮಾಡಬೇಕಾ ಅನ್ನುವುದನ್ನೂ ಈಗಲೇ ಯೋಚಿಸಿ. ಗ್ವಾಲಿಯರ್‌ನ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಸಂಸ್ಥೆಯಲ್ಲಿ ಕ್ರೀಡಾ ನಿರ್ವಹಣೆಗೆ ವಿಭಾಗ ಇದೆ. ಅದು 1957ರಷ್ಟು ಹಳೆಯ ಸಂಸ್ಥೆ.

ಇಲ್ಲೇ 'ಶೋಧಗಂಗಾ' ತೆರೆಯಿರಿ. ದೇಶದ ಥೀಸಿಸ್‌ಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯಕ್ಕೆ ಹತ್ತಿರದ ಐದಾರನ್ನು ಇಳಿಸಿಕೊಂಡು ಕೊನೆಯ ಅಧ್ಯಾಯ ಮೊದಲು ಓದಿ. ಮುಂದಿನವರು ಏನು ಮಾಡಬಹುದು ಅಂತ ಅಲ್ಲೇ ಬರೆದಿರುತ್ತಾರೆ, ಗೈಡ್‌ಗಳ ಹೆಸರೂ ಮುಖಪುಟದಲ್ಲೇ ಇರುತ್ತದೆ.

ಅರ್ಹತೆ, ಪರೀಕ್ಷೆ, ದುಡ್ಡು

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲರು ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ ಶೇ 5 ವಿನಾಯಿತಿ ಇದೆ. ನಾಲ್ಕು ವರ್ಷದ ಪದವಿ ಆಗಿದ್ದರೆ ಶೇ 75 ಬೇಕು. 2024ರ ಜೂನ್‌ನಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು: ಜೆಆರ್‌ಎಫ್ (ಸಂಶೋಧನೆಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್) ಬರದಿದ್ದವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30, ಆದರೆ ಆ ಅಂಕ ಒಂದೇ ವರ್ಷ ಚಲಾವಣೆ. ಕೆಲವು ವಿ.ವಿ.ಗಳು ತಮ್ಮದೇ ಪರೀಕ್ಷೆ ನಡೆಸುತ್ತವೆ. ಜೆಆರ್‌ಎಫ್‌ಗೆ ಕಷ್ಟಪಡಿ, ಮೊದಲ ಎರಡು ವರ್ಷ ತಿಂಗಳಿಗೆ ₹37,000 ಬಂದರೆ ಊರೂರು ತಿರುಗುವ ಖರ್ಚಿಗೆ ಮನೆಯವರ ಮುಖ ನೋಡಬೇಕಾಗಿಲ್ಲ.

ಕೆಲಸದಲ್ಲಿ ಇರುವವರು ಪಾರ್ಟ್‌ಟೈಮ್ ಮಾಡಬಹುದು. ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ಬೇಕು. ಅದನ್ನು ಮೊದಲೇ ಕೇಳಿಡಿ, ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಗೈಡ್ ಹತ್ತಿರ ಹೋಗುವಾಗ

ಪ್ರೊಫೆಸರ್ ಒಬ್ಬರು 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ವಿದ್ಯಾರ್ಥಿಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ಹಾಗಾಗಿ 'ಸರ್, ಸೀಟು ಖಾಲಿ ಇದೆಯಾ' ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಎರಡು ಪುಟದಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿ. ಅವರ ಈಗಿನ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದು ಒಂದು ಕಾಫಿ ಕುಡಿಸಿ ಕೇಳಿ: ಬರೆದುಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಗೈಡ್‌ನ ಹೆಸರಿಗಿಂತ ಈ ಉತ್ತರಕ್ಕೆ ಬೆಲೆ ಜಾಸ್ತಿ.

ಸೇರಿದ ಮೇಲೆ

12ರಿಂದ 16 ಕ್ರೆಡಿಟ್ ಕೋರ್ಸ್‌ವರ್ಕ್ (ತರಗತಿ ಪಾಠ) ಇರುತ್ತದೆ. ಅಂಕಿಅಂಶ ಶಾಸ್ತ್ರವನ್ನು ಅಲ್ಲೇ ಗಟ್ಟಿ ಮಾಡಿಕೊಳ್ಳಿ. ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೆರಡು ಸಿಗುತ್ತದೆ, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು.

ಮಾಹಿತಿ ಸಂಗ್ರಹ ನಿಜವಾದ ಕಷ್ಟ. ಕ್ರೀಡಾಂಗಣದ ನಿರ್ವಹಣೆಗೆ ಎಷ್ಟು ಖರ್ಚಾಯಿತು ಅಂತ ಬಾಯಿಮಾತಲ್ಲಿ ಕೇಳಿದರೆ ಕಚೇರಿಯಲ್ಲಿ 'ನಾಳೆ ಬನ್ನಿ' ಅನ್ನುತ್ತಾರೆ. ನಾನು ಹಾಗೆ ಎರಡು ತಿಂಗಳು ಓಡಾಡಿದ್ದೇನೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ₹10 ಶುಲ್ಕ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, 30 ದಿನದಲ್ಲಿ ಅವರು ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕ್ರೀಡಾಂಗಣ ಕಟ್ಟಿದ ಖರ್ಚಿಗೆ ಒಂದು, ನಿರ್ವಹಣೆಗೆ ಒಂದು, ಹೀಗೆ ಬೇರೆ ಬೇರೆ ಹಾಕಿ.

ಬರೆಯುವಾಗ ನಿಮ್ಮ ಮಾತಲ್ಲೇ ಬರೆಯಿರಿ. ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10 ದಾಟಿದರೆ ತಿದ್ದಿ ಮತ್ತೆ ಕೊಡಿ ಅನ್ನುತ್ತಾರೆ, ಶೇ 60 ದಾಟಿದರೆ ನೋಂದಣಿಯೇ ರದ್ದು.

ವೈವಾ (ಕೊನೆಯ ಮೌಖಿಕ ಪರೀಕ್ಷೆ) ಮುಗಿದ ವಾರವೇ ಇನ್ನೊಂದು ಕೆಲಸ ಮಾಡಿ. ಕಂಡುಕೊಂಡಿದ್ದನ್ನು ಎರಡು ಪುಟ ಕನ್ನಡದಲ್ಲಿ ಬರೆದು ಆ ಮೂರು ಕ್ರೀಡಾಂಗಣಗಳ ಕಚೇರಿಗೆ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡು ಬನ್ನಿ.