ಓಮ್ನಿಯ ಕೆಳಗೆ ‘ಟಕ್’ ಎಂದರೆ: ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿಕೊಳ್ಳುವುದು, ಬದಲಿಸುವುದು

ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಡುತ್ತಿದ್ದಂತೆ ಕೆಳಗೆಲ್ಲೋ ‘ಟಕ್’. ರಿವರ್ಸಿಗೆ ಹಾಕಿದರೆ ಇನ್ನೊಂದು ‘ಟಕ್’. ನಮ್ಮ ಮನೆಯ ಹಳೇ ಓಮ್ನಿಯಲ್ಲಿ ಈ ಸದ್ದು ಶುರುವಾದಾಗ ಒಂದು ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್ ಹೋಗಿದೆ ಎಂದರು. ಪ್ಲೇಟ್ ಬದಲಿಸಿದ್ದೂ ಆಯಿತು, ಸದ್ದು ಮಾತ್ರ ಹಾಗೇ ಇತ್ತು. ಕೊನೆಗೆ ವ್ಯಾನಿನ ಅಡಿಗೆ ತೂರಿ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಅಲುಗಿಸಿದಾಗ ವಿಷಯ ಗೊತ್ತಾಯಿತು. ಸವೆದಿದ್ದು ಹಿಂದಿನ ಕ್ರಾಸ್.

1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದ ಈ ಗಾಡಿಯ ತಯಾರಿಕೆ 2019ಕ್ಕೆ ನಿಂತಿತು. ಆದರೂ ತರಕಾರಿ, ಹಾಲಿನ ಕ್ಯಾನು, ಶಾಮಿಯಾನದ ಸಾಮಾನು ಹೊತ್ತುಕೊಂಡು ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಲೇ ಇದೆ. ಮಾರುತಿ 800ರಂತೆ ಇದಕ್ಕೂ 796 ಸಿಸಿ ಎಂಜಿನ್. ಆದರೆ 800ರಲ್ಲಿ ಎಳೆಯುವುದು ಮುಂದಿನ ಚಕ್ರ, ಓಮ್ನಿಯಲ್ಲಿ ತಳ್ಳುವುದು ಹಿಂದಿನ ಚಕ್ರ. ತಿರುವಿನಲ್ಲಿ ಟಕಟಕ ಎನ್ನುವ, ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲುವ ಮುಂದಿನ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಸಿವಿ ಜಾಯಿಂಟಿನ ಕಾಟ ಓಮ್ನಿಗಿಲ್ಲ. ಇಲ್ಲಿ ಮುಂದಿನ ಸೀಟಿನ ಕೆಳಗಿರುವ ಎಂಜಿನ್ನಿನ ಶಕ್ತಿ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಕ್ಕೆ ಹೋಗುತ್ತದೆ. ಪಟ್ಟಾ ಸ್ಪ್ರಿಂಗಿನ ಮೇಲೆ ಕೂತ ಹಿಂದಿನ ಆಕ್ಸಲ್ ಗುಂಡಿ ಸಿಕ್ಕಾಗೆಲ್ಲ ಮೇಲೆ ಕೆಳಗೆ ಕುಣಿಯುತ್ತದಲ್ವಾ? ಆಗ ಶಾಫ್ಟ್ ಬಾಗಲು ಬಿಡುವುದು ಅದರ ಎರಡೂ ತುದಿಯಲ್ಲಿರುವ ಅಧಿಕ ಚಿಹ್ನೆಯ ಆಕಾರದ ಕಬ್ಬಿಣ. ಅದೇ ಕ್ರಾಸ್. ಅದರ ನಾಲ್ಕು ತೋಳಿಗೂ ಒಂದೊಂದು ಕಪ್, ಕಪ್ಪಿನೊಳಗೆ ಸುತ್ತಲೂ ಸಣ್ಣ ಸೂಜಿ ಬೇರಿಂಗು.

ಮೊದಲು ಪರೀಕ್ಷೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದು ಕೈಯಲ್ಲಿ ಡಿಫರೆನ್ಷಿಯಲ್ಲಿನ (ಹಿಂದಿನ ಆಕ್ಸಲ್ ನಡುವಿನ ಗೇರುಗಳ ಗುಂಡು) ಫ್ಲ್ಯಾಂಜ್, ಅಂದರೆ ಶಾಫ್ಟ್ ಬೋಲ್ಟಿನಿಂದ ಸೇರುವ ಬಿಲ್ಲೆ, ಹಿಡಿದು ಎದುರು ಬದುರು ತಿರುಗಿಸಿ. ಮೇಲಕ್ಕೆ ಕೆಳಕ್ಕೂ ಅಲುಗಿಸಿ ನೋಡಿ. ಎರಡರ ನಡುವೆ ಸ್ವಲ್ಪ ಆಟ ಕಂಡರೂ ಕ್ರಾಸ್ ಮುಗಿದಿದೆ. ಶಾಫ್ಟ್, ಫ್ಲ್ಯಾಂಜ್ ಎರಡೂ ಒಟ್ಟಿಗೇ ಅಲುಗಿದರೆ ಆ ಆಟ ಡಿಫರೆನ್ಷಿಯಲ್ಲಿನ ಒಳಗಿನದು, ಕ್ರಾಸ್ ಬದಲಿಸಿ ಪ್ರಯೋಜನವಿಲ್ಲ. ಮುಂದಿನ ಕ್ರಾಸನ್ನೂ ಹೀಗೇ ನೋಡಿ. ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿದೆ ಎಂದೇ ಅರ್ಥ. ನಿಧಾನವಾಗಿ ಹೋಗುವಾಗ ಹಕ್ಕಿಯಂತೆ ‘ಕಿಚ್ ಕಿಚ್’ ಎನ್ನುವುದೂ ಇದೇ ಕಾರಣಕ್ಕೆ. ವೇಗ ಹೆಚ್ಚಿಸಿದಾಗ ನೆಲ ಗಡಗಡ ನಡುಗಿದರೆ ಮುಂದೂಡಲೇಬೇಡಿ. ಓಡುವಾಗ ಮುಂದಿನ ಕ್ರಾಸ್ ಮುರಿದರೆ ಶಾಫ್ಟ್ ರಸ್ತೆಗೆ ಚುಚ್ಚಿಕೊಂಡು ಗಾಡಿಯನ್ನೇ ಎತ್ತಿ ಹಾಕಬಹುದು.

ಕ್ರಾಸಿಗೆ ಗ್ರೀಸ್ ನಿಪ್ಪಲ್ (ಗನ್ನಿನಿಂದ ಗ್ರೀಸ್ ತುಂಬುವ ಸಣ್ಣ ಬಾಯಿ) ಇದ್ದರೆ ನಿಮ್ಮ ಅದೃಷ್ಟ. ಪ್ರತಿ ಸರ್ವೀಸಿನಲ್ಲೂ, ಮಳೆಗಾಲ ಮುಗಿದ ಮೇಲೆ ತಪ್ಪದೇ ಇನ್ನೊಮ್ಮೆ, ನಾಲ್ಕೂ ಕಪ್ಪಿನ ಅಂಚಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಿ. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದೇ ತೋಳು ಮುಂದೆ ಸವೆಯುತ್ತದೆ. ಸರ್ವೀಸ್ ಸ್ಟೇಷನ್ನಿನಲ್ಲಿ ಜೋರು ನೀರಿನ ಪೈಪನ್ನು ಕ್ರಾಸಿಗೇ ನೇರವಾಗಿ ಹಿಡಿಯಲು ಬಿಡಬೇಡಿ. ಸೀಲ್ ದಾಟಿ ಒಳಹೊಕ್ಕ ನೀರೇ ಇದರ ದೊಡ್ಡ ಶತ್ರು.

ಬದಲಿಸುವಾಗ ಒಂದು ಎಚ್ಚರ. ಶಾಫ್ಟ್ ಬಿಚ್ಚಿದ ಮೇಲೆ ಗಾಡಿಯನ್ನು ಗೇರಿನಲ್ಲಿಟ್ಟರೂ ಅದು ನಿಲ್ಲುವುದಿಲ್ಲ. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ತಪ್ಪಿರುತ್ತದೆ. ಮುಂದಿನ ಚಕ್ರಗಳಿಗೆ ಗಟ್ಟಿಯಾಗಿ ಕಲ್ಲು ಕೊಡಿ. ಹಿಂಭಾಗ ಎತ್ತಿ ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಹಿಂದೆ ಎತ್ತಿದರೆ ಇನ್ನೊಂದು ಅನುಕೂಲವೂ ಇದೆ, ಶಾಫ್ಟ್ ಎಳೆದಾಗ ಗೇರ್ ಬಾಕ್ಸಿನ ಆಯಿಲ್ ಕಡಿಮೆ ಚೆಲ್ಲುತ್ತದೆ.

ಫ್ಲ್ಯಾಂಜಿನ ಮೇಲೂ ಶಾಫ್ಟಿನ ಯೋಕಿನ (ಕ್ರಾಸನ್ನು ಹಿಡಿದಿರುವ ಎರಡು ಕಿವಿಯ ಕವೆ) ಮೇಲೂ ಸೇರುವಂತೆ ಒಂದು ಬಿಳಿ ಗೆರೆ ಎಳೆಯಿರಿ. ವಾಪಸ್ ಜೋಡಿಸುವಾಗ ಗೆರೆಗೆ ಗೆರೆ ಸೇರಬೇಕು, ಇಲ್ಲದಿದ್ದರೆ ಬ್ಯಾಲೆನ್ಸ್ ತಪ್ಪಿ ನಡುಕ ಬರಬಹುದು. ಹಿಂದಿನ ನಾಲ್ಕು ಬೋಲ್ಟ್ ಬಿಚ್ಚಿ, ಶಾಫ್ಟನ್ನು ಇಳಿಸಿ, ಹಿಂದಕ್ಕೆ ಎಳೆದರೆ ಮುಂದಿನ ತುದಿ ಗೇರ್ ಬಾಕ್ಸಿನಿಂದ ಜಾರಿ ಬರುತ್ತದೆ. ಆ ಬಾಯಿಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ, ಧೂಳು ಹೋಗಬಾರದು.

ಇನ್ನು ಹಳೇ ಕ್ರಾಸ್. ಹಿಂದಿನ ದಿನವೇ ಸರ್ಕ್ಲಿಪ್ಪುಗಳ (ಕಪ್ ಹೊರಗೆ ಜಾರದಂತೆ ತಡೆಯುವ ಸ್ಪ್ರಿಂಗ್ ಬಳೆಗಳು) ಮೇಲೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಅವನ್ನು ತೆಗೆಯುವಾಗ ಕನ್ನಡಕ ಹಾಕಿಕೊಳ್ಳಿ, ಎಗರಿದರೆ ನೇರ ಕಣ್ಣಿಗೇ ಬರುತ್ತವೆ. ಆಮೇಲೆ ವೈಸಿನಲ್ಲಿ (ತಿರುಪಿನಿಂದ ಬಿಗಿ ಹಿಡಿಯುವ ದವಡೆ) ಒಂದು ಕಡೆ ಕಪ್ಪಿಗಿಂತ ಸಣ್ಣ ಸಾಕೆಟ್ (ಬೋಲ್ಟ್ ಬಿಚ್ಚುವ ಕೊಳವೆಯಂಥ ಸ್ಪ್ಯಾನರ್), ಎದುರು ಕಡೆ ಕಪ್ ನುಂಗುವಷ್ಟು ದೊಡ್ಡ ಸಾಕೆಟ್ ಇಟ್ಟು ನಿಧಾನಕ್ಕೆ ಬಿಗಿಯಿರಿ. ಸಣ್ಣದು ತಳ್ಳುತ್ತದೆ, ಎದುರಿನ ಕಪ್ ದೊಡ್ಡದರೊಳಗೆ ಇಳಿಯುತ್ತದೆ. ದೊಡ್ಡ ಸುತ್ತಿಗೆ ತೆಗೆದುಕೊಂಡು ಬಡಿಯುವವರು ಜಾಸ್ತಿ. ದಯವಿಟ್ಟು ಬೇಡ, ಯೋಕಿನ ಕಿವಿ ಒಂದಿಷ್ಟು ಸೊಟ್ಟಗಾದರೂ ಹೊಸ ಕ್ರಾಸ್ ಬೇಗ ಹೋಗುತ್ತದೆ. ಹೊರಬಂದ ಹಳೇ ಕ್ರಾಸಿನ ತೋಳನ್ನು ಒರೆಸಿ ಉಗುರು ಆಡಿಸಿ ನೋಡಿ. ಸೂಜಿ ಕೂತಿದ್ದ ಕಡೆಯೆಲ್ಲ ಬಾಚಣಿಗೆ ಒತ್ತಿದಂಥ ಗೆರೆಗಳು ಉಗುರಿಗೆ ಸಿಗುತ್ತವೆ. ನಮ್ಮದರಲ್ಲಿ ಒಂದು ಕಪ್ಪಿನಲ್ಲಿ ಸೂಜಿಗಳೇ ಇರಲಿಲ್ಲ, ಅವು ಕೆಂಪು ಪುಡಿಯಾಗಿದ್ದವು.

ಹೊಸದನ್ನು ಕೂರಿಸುವ ಮೊದಲು ಯೋಕಿನ ತೂತುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಕಪ್ಪಿನೊಳಗಿನ ಸೂಜಿಗಳು ನೆಟ್ಟಗೆ ನಿಲ್ಲುವಂತೆ ಗ್ರೀಸ್ ಮೆತ್ತಿ. ನಿಪ್ಪಲ್ ಇದ್ದರೆ ಅದು ಗ್ರೀಸ್ ಗನ್ನಿಗೆ ಸಿಗುವ ಕಡೆಗೇ ತಿರುಗಿರಲಿ. ಒಂದು ಕಪ್ಪನ್ನು ಅರ್ಧ ಒತ್ತಿ, ಕ್ರಾಸಿನ ತೋಳನ್ನು ಅದರೊಳಗೆ ಹಿಡಿದುಕೊಂಡೇ ಎದುರಿನ ಕಪ್ ಒತ್ತಿ. ತೋಳು ಹೊರಗೆ ಜಾರಿದರೆ ಒಂದು ಸೂಜಿ ಉರುಳಿ ಕಪ್ಪಿನ ತಳದಲ್ಲಿ ಅಡ್ಡ ಮಲಗುತ್ತದೆ. ಆಗ ಕಪ್ ಪೂರ್ತಿ ಇಳಿಯುವುದಿಲ್ಲ, ಸರ್ಕ್ಲಿಪ್ ಕೂರುವ ತೋಡು ಅರ್ಧ ಮಾತ್ರ ಕಾಣುತ್ತದೆ. ಬಲ ಹಾಕಬೇಡಿ. ಮತ್ತೆ ಬಿಚ್ಚಿ ಸೂಜಿ ಸರಿ ಮಾಡಿ. ಮೊದಲ ಸಲ ನನಗೆ ಇದು ಎರಡು ಬಾರಿ ಆಯಿತು, ಅರ್ಧ ಮಧ್ಯಾಹ್ನ ಇದಕ್ಕೇ ಹೋಯಿತು.

ನಾಲ್ಕೂ ಸರ್ಕ್ಲಿಪ್ ತೋಡಿನಲ್ಲಿ ಪೂರ್ತಿ ಕೂತ ಮೇಲೆ ಯೋಕಿನ ಕಿವಿಗೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ಎರಡು ಏಟು ಕೊಡಿ, ಬಿಗಿದುಕೊಂಡ ಕಪ್ಪುಗಳು ಸಡಿಲವಾಗುತ್ತವೆ. ಕೈಯಲ್ಲಿ ಆಡಿಸಿದರೆ ಯೋಕ್ ಎಲ್ಲ ದಿಕ್ಕಿಗೂ ಎಲ್ಲೂ ಹಿಡಿಯದೆ ಹೊರಳಬೇಕು.

ಶಾಫ್ಟಿನ ಮುಂದಿನ ತುದಿಗೆ ಗೇರ್ ಆಯಿಲ್ ಸವರಿ, ಆಯಿಲ್ ಸೀಲಿಗೆ ಪೆಟ್ಟಾಗದಂತೆ ಒಳಗೆ ಬಿಡಿ. ಗೆರೆ ಹೊಂದಿಸಿ ನಾಲ್ಕೂ ಬೋಲ್ಟ್ ಹಾಕಿ, ಎದುರು ಬದುರಾಗಿ ಬಿಗಿಯಿರಿ. ಸ್ಪ್ರಿಂಗ್ ವಾಷರ್ ಹೊಸದೇ ಇರಲಿ. ಗಾಡಿ ಇಳಿಸಿ ಸಮ ನೆಲದಲ್ಲಿ ಗೇರ್ ಆಯಿಲ್ ಮಟ್ಟ ನೋಡಿ, ಚೆಲ್ಲಿದಷ್ಟು ತುಂಬಿಸಿ. ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಫಸ್ಟ್ ಗೇರು, ರಿವರ್ಸು ಎರಡಕ್ಕೂ ಹಾಕಿ ಕಿವಿಗೊಡಿ. ಎರಡು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಕೆಳಗೆ ಮಲಗಿ ಆ ನಾಲ್ಕು ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಿ.